ಮನೆ ಬಿಟ್ಟಿದೀವಿ ಅಂದ ಮಾತು

"ನಾನೇನು ಸುಳ್ಳು ಹೇಳಿದ್ನಾ ಅಮ್ಮಾ? ಆ ಹುಡುಗಿ ಫೋನ್ ಮಾಡಿದ್ಲು. ದಂಟಿನ ಸೊಪ್ಪು ಕಟ್ತಾ ಕೂತಿದ್ದೆ, ಕೈಯೆಲ್ಲ ನೀರು, ಸೆರಗಲ್ಲಿ ಒರೆಸ್ಕೊಂಡು ಎತ್ತಿದೆ. 'ಬೋರ್ಡ್ ಕ್ವಾರ್ಟರ್ಸ್ ಹದಿನೇಳನೇ ನಂಬರಾ?' ಅಂದ್ಲು. ಹೌದು ತಾಯಿ ಅಂದೆ. 'ಸರ್ವೆಗೆ ಬಂದಿದ್ವಿ, ಬೀಗ ಹಾಕಿದೆ, ಬಾಗಿಲಿಗೆ ಮುಳ್ಳು ಇಟ್ಟಿದೆ, ನೀವಲ್ಲಿ ಇಲ್ವಾ?' ಅಂದ್ಲು. ಇಲ್ಲ ತಾಯಿ, ಮನೆ ಬಿಟ್ಟಿದೀವಿ ಅಂದೆ. ಇನ್ನೇನು ಹೇಳ್ಲಿ? ನಮ್ಮೆಜಮಾನ್ರು ಹೋಗಿದ್ದು ಧನಿಷ್ಠಾ ನಕ್ಷತ್ರದಲ್ಲಿ. ಆರು ತಿಂಗಳು ಮನೆ ಬಿಡ್ಬೇಕು ಅಂದ್ರು, ಬಿಟ್ವಿ. ಎಲ್ರೂ ಹಂಗೇ ಅಲ್ವಾ ಅನ್ನೋದು? ಮನೆ ಬಿಟ್ಟಿದೀವಿ ಅಂದ್ರೆ ಯಾರೂ ಯಾಕೆ ಅಂತ ಕೇಳಲ್ಲ, ಎಷ್ಟು ತಿಂಗಳು ಅಂತ ಕೇಳ್ತಾರೆ. ಇವಳು ಅದೂ ಕೇಳ್ಲಿಲ್ಲ. 'ಸರಿ ಅಮ್ಮ, ಥ್ಯಾಂಕ್ಸ್' ಅಂತ ಇಟ್ಬಿಟ್ಲು. ಪಾಪ, ಒಳ್ಳೇ ಮಗು, ಸಾವಿನ ಮನೆ ಅಂತ ವಿಚಾರಿಸ್ಕೊಂಡ್ಲು ಅಂತ ನಾನು ಅಂದ್ಕೊಂಡೆ. ಈಗ ನೋಡಿದ್ರೆ ಪಟ್ಟೀಲಿ ಹದಿನೇಳರ ಮುಂದೆ 'ಖಾಲಿ' ಅಂತ ಬರೆದು ಗೋಡೆಗೆ ಅಂಟಿಸಿದಾರಂತೆ. ಮಂಕರೀಲಿ ಸೊಪ್ಪು ಮುಗಿದ್ರೂ ಖಾಲಿ ಅಂತ ಬಾಯಲ್ಲಿ ಆಡಿದವಳಲ್ಲ ನಾನು. 'ಹೆಚ್ಚಾಯ್ತು, ನಾಳೆ ಕೊಡ್ತೀನಿ' ಅಂತೀನಿ. ನನ್ನ ಮನೆ ಮೇಲೇ ಬರೆದ್ಬಿಟ್ರಲ್ಲ ಅಮ್ಮಾ!"

ಶಂಕರಪುರಂನ ಮಹಾನಂದಮ್ಮನವರ ಹಿತ್ತಿಲಲ್ಲಿ ಕೂತು ಮುನಿಗಂಗಮ್ಮ ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದಳು. ಹೇಳುತ್ತಿರುವಾಗ ಅವಳ ಕೈ ತನ್ನ ಪಾಡಿಗೆ ಬಾಳೆನಾರಿನಲ್ಲಿ ಸೊಪ್ಪಿನ ಕಟ್ಟು ಕಟ್ಟುತ್ತಲೇ ಇತ್ತು. ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದಾಳೆ ಎಂಬುದನ್ನು ಮಹಾನಂದಮ್ಮ ಗಮನಿಸಿದರು.

ಆ ಮನೆಗೆ ಮುನಿಗಂಗಮ್ಮ ಸೊಪ್ಪು ಹಾಕಲು ಶುರು ಮಾಡಿ ಮೂವತ್ತು ವರ್ಷವಾಗಿತ್ತು. ಮಹಾನಂದಮ್ಮನ ಮಾವನವರು ಇಟ್ಟ ಬೇಳೆ ಅಂಗಡಿ ತರಗುಪೇಟೆಯಲ್ಲಿದೆ. ಮುನಿಗಂಗಮ್ಮನ ಗಂಡ ಸೊಣ್ಣಪ್ಪ ಅಲ್ಲೇ ಮೂಟೆ ಹೊತ್ತು ಬೆನ್ನು ಬಾಗಿಸಿಕೊಂಡವನು. ಅವನು ತೀರಿಕೊಂಡು ತಾಯಿ ಮಗಳು ಮನೆ ಬಿಡಬೇಕಾಗಿ ಬಂದಾಗ, ಸೂತಕದವರಿಗೆ, ಅದರಲ್ಲೂ ಕೆಟ್ಟ ನಕ್ಷತ್ರದ ಸೂತಕದವರಿಗೆ, ಯಾರೂ ಬಾಡಿಗೆಗೆ ಕೊಡಲಿಲ್ಲ. ಹಿತ್ತಿಲ ಕೋಣೆಯ ಬೀಗ ತೆಗೆದುಕೊಟ್ಟವರು ಮಹಾನಂದಮ್ಮ.

"ನಮ್ಮ ಕಡೆ ಪಂಚಕ ಗಿಂಚಕ ಏನೂ ಇಲ್ಲ ಗಂಗಮ್ಮ," ಎಂದರು ಅವರು. "ಲಿಂಗ ಕಟ್ಕೊಂಡವರಿಗೆ ಎಲ್ಲಾ ದಿನಾನೂ ಒಂದೇ. ಸುಮ್ನೆ ಹೋಗಿ ಬಾಗಿಲು ತೆಗಿ."

"ನಿಮಗಿಲ್ಲ ಅಮ್ಮಾ, ನಮಗಿದೆಯಲ್ಲ. ನಿಮ್ಮ ದೇವರು ನಿಮ್ಮ ಎದೆ ಮೇಲೇ ಕೂತಿದಾನೆ. ನಮ್ಮದು ಹೊಸಿಲಾಚೆ ನಿಂತು ಕಾಯ್ತಿರುತ್ತೆ."

ಕ್ವಾರ್ಟರ್ಸ್ ಇರುವುದು ಚಾಮರಾಜಪೇಟೆಯ ಒಂದು ಅಂಚಿನಲ್ಲಿ. ಎರಡು ಮಹಡಿಯ ಹಳೇ ಕಟ್ಟಡ, ಪ್ರತಿ ಮನೆಗೂ ಒಂದು ಕೋಣೆ, ಒಂದು ಅಡಿಗೆಮನೆ. ಮಗಳು ಸಂಧ್ಯಾ ತೊಟ್ಟಿಲ ಕೂಸಾಗಿದ್ದಾಗ, ದೊಡ್ಡ ಮೋರಿಯ ಪಕ್ಕದ ಗುಡಿಸಲುಗಳನ್ನು ಎಬ್ಬಿಸಿ, ಸ್ಲಂ ಬೋರ್ಡಿನವರು ಇಲ್ಲಿ ಮನೆ ಕೊಟ್ಟರು. ಅಲಾಟ್‌ಮೆಂಟ್ ಕಾಗದ ಮುನಿಗಂಗಮ್ಮನ ಹೆಸರಿನಲ್ಲೇ ಇತ್ತು. ಬೆಳಗಾಗುವ ಮೊದಲು ಮಾರ್ಕೆಟ್ಟಿನಿಂದ ಸೊಪ್ಪು ತಂದು, ಶಂಕರಪುರಂ, ಬಸವನಗುಡಿಯ ಬೀದಿಗಳಲ್ಲಿ ಮಂಕರಿ ಹೊತ್ತು ತಿರುಗಿ, ಹನ್ನೆರಡಕ್ಕೆ ಮನೆಗೆ ಬಂದು ಮೊದಲು ಕಾಲು ತೊಳೆಯುವುದು ಅವಳ ಬದುಕಿನ ಕ್ರಮ. ಸಂಧ್ಯಾ ಮದುವೆಯಾಗಿ ಹೋದಳು, ಸರಿಬಾರದೆ ಮರಳಿ ಬಂದಳು, ವಿಶ್ವೇಶ್ವರಪುರಂನ ಒಂದು ಶಾಲೆಯಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಇದೆಲ್ಲವೂ ಆದದ್ದು ಅದೇ ಹೊಸಿಲ ಒಳಗೆ.

ಸೊಣ್ಣಪ್ಪ ಹೋದದ್ದು ಎರಡು ತಿಂಗಳ ಹಿಂದೆ, ಬೆಳಗ್ಗೆ ಏಳು ಗಂಟೆಗೆ. ಹಲ್ಲುಜ್ಜುತ್ತಾ ನಿಂತವನು ಎದೆ ಹಿಡಿದುಕೊಂಡು ಕೂತ, ಆಟೋ ಬರುವಷ್ಟರಲ್ಲಿ ಇರಲಿಲ್ಲ. ಎದುರು ಮನೆಯ ದೊಡ್ಡಬೈರಪ್ಪ, ಸೊಣ್ಣಪ್ಪನ ಜೊತೆಯಲ್ಲೇ ಮೂಟೆ ಹೊತ್ತ ಮುದುಕ, ಕನ್ನಡಕ ಏರಿಸಿ ಪಂಚಾಂಗ ಬಿಡಿಸಿದ. ಬಿಡಿಸಿದವನು ಹಾಗೇ ಮಡಿಸಿಟ್ಟ. ಮುನಿಗಂಗಮ್ಮನೇ ಗದರಿಸಿ ಕೇಳಿದ ಮೇಲೆ, "ಧನಿಷ್ಠಾ ಪಂಚಕ ಕಣಮ್ಮ. ಒಂದಕ್ಕೇ ನಿಲ್ಲೋ ಸಾವಲ್ಲ. ಐದು ಕೇಳುತ್ತೆ," ಎಂದ.

ಇಂಥ ಸಾವಾದರೆ ಹೆಣವನ್ನು ಮುಂಬಾಗಿಲಿನಿಂದ ತರಬಾರದು, ಹಿಂದಿನ ಗೋಡೆ ಒಡೆದು ತರಬೇಕು ಎಂಬುದು ಹಳಬರ ಮಾತು. ಹದಿನೇಳರ ಹಿಂದಿನ ಗೋಡೆ ಅಂದರೆ ಹದಿನೆಂಟರ ವರದರಾಜನ ಅಡಿಗೆಮನೆ. ಬೋರ್ಡಿನವರು ಮನೆ ಕಟ್ಟುವಾಗ ಹೆಣ ಸಾಗಿಸುವ ಲೆಕ್ಕ ಇಟ್ಟುಕೊಂಡಿರಲಿಲ್ಲ. ಹೀಗಾಗಿ ಮುಂಬಾಗಿಲಿನಿಂದಲೇ ತಂದರು. ಬೀಗ ಜಡಿದು, ಜಾಲಿ ಮುಳ್ಳಿನ ಕೊಂಬೆ ಅಡ್ಡ ಇಟ್ಟು, ಹಿಂದೆ ತಿರುಗಿ ನೋಡದೆ ಮೆಟ್ಟಿಲಿಳಿದರು. ಅಂದಿನಿಂದ ಮುನಿಗಂಗಮ್ಮನಿಗೆ ಅದೇ ಯೋಚನೆ. ಐದು ಅಂದರೆ ಯಾರ‍್ಯಾರು ಎಂದು ಬೆರಳು ಮಡಿಸಲು ಹೋಗುತ್ತಾಳೆ. ಮೊದಲ ಬೆರಳಿಗೇ ಸಂಧ್ಯಾ ಬರುತ್ತಾಳೆ. ಅಲ್ಲಿಗೇ ಕೈ ಮುಷ್ಟಿಯಾಗಿಬಿಡುತ್ತದೆ.

ಈ ಭಯದ ಮೇಲೆ ಈಗ ಇನ್ನೊಂದು ಬಂತು. ಕ್ವಾರ್ಟರ್ಸಿನಲ್ಲಿ ನಿಜವಾಗಿ ವಾಸವಿರುವವರಿಗೆ ಮನೆಯ ಹಕ್ಕುಪತ್ರ ಕೊಡುತ್ತಾರಂತೆ. ಖಾಲಿ ಮನೆಗಳನ್ನು ಬೇರೆಯವರಿಗೆ ಹಂಚುತ್ತಾರಂತೆ. ಬಿಟ್ಟು ಹೋದವರು ಮತ್ತೆ ಬೇಕೆಂದು ಅರ್ಜಿ ಹಾಕಿದರೆ ಮನೆ ಸಿಗುವುದು ಗುಮ್ಮನಬಂಡೆಯಲ್ಲಿ. ಊರಿನ ಉತ್ತರಕ್ಕೆ, ಯಲಹಂಕ ದಾಟಿದ ಮೇಲೂ ಬಸ್ಸು ಬದಲಾಯಿಸಿಕೊಂಡು ಹೋಗಬೇಕಾದ ಜಾಗ. ಪಟ್ಟಿ ತಪ್ಪಿದ್ದರೆ ಸರಿಪಡಿಸಲು ಬರುವ ಗುರುವಾರ ಇನ್ನೊಂದು ಸಲ ಬರುತ್ತಾರೆ. ಅದೇ ಕೊನೆ.

"ಉತ್ತರಕ್ಕೆ ತಲೆ ಹಾಕಿ ಮಲಗ್ಬಾರ್ದು ಅಂತಾರೆ," ಎಂದಿದ್ದ ವರದರಾಜ, ಸುದ್ದಿ ತಿಳಿದ ದಿನ. "ಅಲ್ಲಿಗೆ ಹೋದ್ರೆ ತಲೆ, ಕಾಲು, ಪಾತ್ರೆ, ಪಡಗ ಎಲ್ಲಾ ಉತ್ತರಕ್ಕೇ." ತಮಾಷೆಗೆಂದು ಅಂದದ್ದು.

ಗುಮ್ಮನಬಂಡೆಯಲ್ಲಿ ಮುನಿಗಂಗಮ್ಮನ ತಮ್ಮ ಮುನಿರಾಜು ಇದ್ದ. ನಾಲ್ಕು ವರ್ಷದ ಹಿಂದೆ ಅವನಿಗೆ ಅಲ್ಲಿ ಸರ್ಕಾರಿ ಮನೆ ಸಿಕ್ಕಿತ್ತು. ನೋಡಿಯೇ ಬಿಡೋಣ ಎಂದು ಭಾನುವಾರ ತಾಯಿ ಮಗಳು ಹೊರಟರು. ಮೂರು ಬಸ್ಸು. ಮೂರನೆಯದರಿಂದ ಇಳಿದಾಗ ಜೊತೆಗೆ ಇಳಿದವರು ಯಾರೂ ಇರಲಿಲ್ಲ.

"ಬಾ ಅಕ್ಕ. ದಾರಿ ಗೊತ್ತಾಯ್ತಾ?" ಎಂದ ಮುನಿರಾಜು.

"ದಾರಿ ಎಲ್ಲಿದೆಯೋ ಇಲ್ಲಿ? ಬಂಡೆ, ಬಸ್ಸು, ಮತ್ತೆ ಬಂಡೆ."

"ಹಗುರ ಮಾತಾಡ್ಬೇಡ. ಇಲ್ಲಿಗೆ ದೆವ್ವ ಕೂಡ ಬರಲ್ಲ ಗೊತ್ತಾ. ವಾಪಸ್ ಹೋಗೋಕೆ ಬಸ್ ಸಿಗಲ್ಲ ಅಂತ."

ಮನೆ ಚೆನ್ನಾಗಿತ್ತು. ಸುಳ್ಳು ಹೇಳಬಾರದು, ಅವಳ ಹದಿನೇಳಕ್ಕಿಂತ ದೊಡ್ಡದು, ನೆಲಕ್ಕೆ ಟೈಲ್ಸು, ಎರಡು ಕಿಟಕಿ. ಕಿಟಕಿಯಾಚೆ ಏನೂ ಇರಲಿಲ್ಲ. ಅಂಗಡಿಯಿಲ್ಲ, ಗುಡಿಯಿಲ್ಲ, ಮಂಕರಿ ಇಳಿಸಿ ಕೂರಲು ಒಂದು ಜಗಲಿಯಿಲ್ಲ. ಗಾಳಿ ಮಾತ್ರ ಒಂದೇ ಸಮನೆ ಮೆಟ್ಟಿಲ ಸಂದಿಯಲ್ಲಿ ಹುಯ್ಯೆನ್ನುತ್ತಿತ್ತು. ಪ್ರತಿ ಮಹಡಿಯಲ್ಲಿ ಮೆಟ್ಟಿಲ ಪಕ್ಕ ಒಂದು ಮೊಳೆ, ಮೊಳೆಗೆ ದಾರದಲ್ಲಿ ಕಟ್ಟಿದ ಸೀಟಿ.

"ಪೊಲೀಸಿನವರದಾ ಮಾವ?" ಎಂದು ಕೇಳಿದಳು ಸಂಧ್ಯಾ.

"ನಮ್ಮದೇ ಕಣಮ್ಮ. ಹೋದ ವರ್ಷ ನಮ್ಮ ಮನೆಯವಳಿಗೆ ಕೈಕಾಲು ಬಿದ್ದೋಯ್ತಲ್ಲ, ಬಾಯಿ ಬಡ್ಕೊಂಡೆ, ಒಬ್ರೂ ಬಾಗಿಲು ತೆಗೀಲಿಲ್ಲ. ಒಂದೊಂದು ಮನೆಯವರು ಒಂದೊಂದು ಕಡೆಯಿಂದ ಬಂದವರು. ತಮಿಳರು, ತೆಲುಗಿನವರು, ರಾಯಚೂರಿನವರು, ಯಾರಿಗೆ ಯಾರೂ ಗೊತ್ತಿಲ್ಲ. ಹೆದರ್ಕೊಂಡು ಒಳಗೇ ಇದ್ರಂತೆ. ಆಮೇಲೆ ಎಲ್ಲಾ ಕೂತು ಹಿಂಗೆ ಮಾಡಿದ್ವಿ. ಸೀಟಿ ಕೇಳಿಸ್ತಾ, ಕೈಲಿದ್ದ ತುತ್ತು ಬಿಟ್ಟು ಬರ್ಬೇಕು."

ಅವನು ಹೇಳಿ ಒಂದು ಗಂಟೆಯೂ ಆಗಿರಲಿಲ್ಲ. ಮುದ್ದೆ ಮುರಿಯುತ್ತಾ ಕೂತಿದ್ದಾಗ ಮೇಲಿನಿಂದ ಸೀಟಿ ಕೇಳಿಸಿತು. ಮುನಿರಾಜು ಎಂಜಲು ಕೈಯಲ್ಲೇ ಎದ್ದು ಓಡಿದ. ಧಡಧಡ ಬಾಗಿಲು ತೆರೆದ ಸದ್ದು. ಮೂರನೇ ಮಹಡಿಯ ಒಬ್ಬ ಮುದುಕಿ ತಲೆ ಸುತ್ತಿ ಬಿದ್ದಿದ್ದಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ನಾಲ್ವರು ಹಿಡಿದು ಕೆಳಗಿಳಿಸಿದರು. ಫೋನ್ ಮಾಡಿದರು. ವ್ಯಾನು ಬರಲು ಮುಕ್ಕಾಲು ಗಂಟೆ. ಅಷ್ಟು ಹೊತ್ತೂ ಹದಿನೈದಿಪ್ಪತ್ತು ಜನ ಆ ಕುರ್ಚಿಯ ಸುತ್ತ ಬಿಸಿಲಿಗೆ ಮರೆಯಾಗಿ ನಿಂತರು. ಒಬ್ಬಳು ಬೀಸಣಿಗೆ ಬೀಸಿದಳು, ಒಬ್ಬ ತಮಿಳಿನಲ್ಲಿ ಏನೋ ಸಮಾಧಾನ ಹೇಳಿದ. ಮುನಿಗಂಗಮ್ಮ ಮುದುಕಿಯ ಪಾದ ತಿಕ್ಕುತ್ತಾ ಕೂತಳು. ಪಾದ ತಣ್ಣಗಿತ್ತು. ತಿಕ್ಕಿದಷ್ಟೂ ತಣ್ಣಗಾಗುತ್ತಿದೆ ಅನಿಸಿ ಅವಳು ಇನ್ನೂ ಜೋರಾಗಿ ತಿಕ್ಕಿದಳು.

ವಾಪಸ್ ಬಸ್ಸಿನಲ್ಲಿ ಸಂಧ್ಯಾ, "ಜನ ಒಳ್ಳೇವ್ರು ಅಲ್ವೇನಮ್ಮ?" ಎಂದಳು.

"ಚಿನ್ನದಂಥವ್ರು. ಜನ ಬಿಟ್ರೆ ಬೇರೇನೂ ಇಲ್ವಲ್ಲೇ ಅವರ ಹತ್ರ."

ಬಸ್ಸು ಬದಲಾಯಿಸುವಾಗಲೆಲ್ಲ ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರು ಬಸ್ಸು ಹತ್ತಿ ಶಾಲೆಯ ಬೆಲ್ಲಿಗೆ ಮುಂಚೆ ಸಂಧ್ಯಾ ತಲುಪುವುದುಂಟೆ? ಮಾರ್ಕೆಟ್ಟಿನ ಸೊಪ್ಪು ಆ ಬಂಡೆ ಸೇರುವಷ್ಟರಲ್ಲಿ ಬಾಡಿಹೋಗುತ್ತದೆ. ಕೆಲಸ ಹೋದರೆ ಮಗಳ ಕೈಯಲ್ಲಿ ಉಳಿಯುವುದೇನು? ಇಲ್ಲಿಯ ಮನೆ ಕೈಬಿಟ್ಟರೆ ಬದುಕು ಹೋಗುತ್ತದೆ, ಬಾಗಿಲು ತೆಗೆದರೆ ಜೀವವೇ ಹೋಗುತ್ತದೆ. ಯಾವ ಕಡೆ ತಿರುಗಿದರೂ ಹೋಗುವುದು ಮಗಳದ್ದೇ.

ಸೋಮವಾರ ಮಧ್ಯಾಹ್ನ ಅವಳು ಕ್ವಾರ್ಟರ್ಸಿನ ಮೆಟ್ಟಿಲ ಬುಡಕ್ಕೆ ಬಂದು ನಿಂತಳು. ಮೇಲೆ ಹತ್ತಲಿಲ್ಲ. ಸುದ್ದಿ ತಿಳಿದು ನಾಲ್ಕು ಜನ ಸೇರಿದರು.

"ಬೈರಪ್ಪಣ್ಣ, ಇನ್ನೊಂದು ಸಲ ಪಂಚಾಂಗ ನೋಡು. ಒಂದೆರಡು ಗಳಿಗೆ ಹಿಂದೆಮುಂದೆ ಆಗಿರ್ಬೋದು."

"ನೋಡಿದೀನಿ, ಹತ್ತು ಸಲ ನೋಡಿದೀನಿ," ಎಂದ ದೊಡ್ಡಬೈರಪ್ಪ. "ಪಂಚಾಂಗ ನಾನು ಬರೆದದ್ದಲ್ಲಮ್ಮ. ಇನ್ನೂ ನಾಲ್ಕು ತಿಂಗಳು ಬಾಕಿ. ನಡುವೆ ಮುಳ್ಳು ತೆಗೆದ್ರೆ ನಿನಗೊಬ್ಬಳಿಗೇ ಅಲ್ಲ. ಗೋಡೆಗೆ ಗೋಡೆ ಅಂಟ್ಕೊಂಡಿದೆ ಇಲ್ಲಿ."

ಎಲ್ಲರೂ ವರದರಾಜನ ಕಡೆ ನೋಡಿದರು. ಅವನ ಸೊಸೆಗೆ ಏಳು ತಿಂಗಳು. ವರದರಾಜ ಆಟೋ ಓಡಿಸುವವನು, ಬಾಯಿಬಡುಕ, ಯಾವ ಮಾತಿಗೂ ಒಂದು ಮಾತು ಸೇರಿಸುವವನು. ಅಂದು ನೆಲ ನೋಡುತ್ತಾ ನಿಂತ. ಅವನು ಬೈದಿದ್ದರೂ ಮುನಿಗಂಗಮ್ಮನಿಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ಕೊನೆಗೆ ಅವನೇ, "ಎಲ್ರೂ ಸೈನ್ ಹಾಕಿ ಒಂದು ಲೆಟರ್ ಕೊಡೋಣ ಗಂಗಕ್ಕ. ಇಲ್ಲೇ ಇದ್ದವರು, ಸಾವಾಗಿದೆ, ಶಾಸ್ತ್ರಕ್ಕೆ ಬೀಗ ಹಾಕಿದಾರೆ ಅಂತ," ಎಂದ. ಇಪ್ಪತ್ತಾರು ಮನೆಯವರು ಸಹಿ ಹಾಕಿದರು. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು.

ಮಂಗಳವಾರ ಸಂಧ್ಯಾ ಕಾಗದ ಹಿಡಿದು ಆಫೀಸಿಗೆ ಹೋದಳು. ಫೋನ್ ಮಾಡಿದ್ದ ಹುಡುಗಿ ಸಿಕ್ಕಳು, ಐಶ್ವರ್ಯ ಅಂತ ಹೆಸರು. ಕಾಗದ ಓದಿ ಬಾಯಿ ಮೇಲೆ ಕೈ ಇಟ್ಟುಕೊಂಡಳಂತೆ.

"ಅಯ್ಯೋ, ಮನೆ ಬಿಟ್ಟಿದೀವಿ ಅಂದ್ರೆ ಶಿಫ್ಟ್ ಆಗಿದಾರೆ ಅಂದ್ಕೊಂಡೆ ಅಕ್ಕಾ. ನಮ್ಮನೇಲಿ ಈ ಮಾತು ಕೇಳೇ ಇಲ್ಲ. ಲೆಟರ್ ಇಟ್ಕೋತೀನಿ. ಆದ್ರೆ ನನ್ನ ಫಾರಂನಲ್ಲಿ ನಕ್ಷತ್ರಕ್ಕೆ ಜಾಗ ಇಲ್ಲ. ಗುರುವಾರ ಹತ್ತು ಗಂಟೆಗೆ ಬರ್ತೀನಿ. ಬಾಗಿಲು ತೆಗೆದಿರ್ಬೇಕು, ಒಲೆ ಉರೀತಿರ್ಬೇಕು, ಅಲಾಟ್ ಆದವರು ಒಳಗಿರ್ಬೇಕು. ಕಣ್ಣಿಗೆ ಕಂಡಿದ್ದು ಬರ್ಕೋತೀನಿ, ಕಾಣದೇ ಇದ್ದಿದ್ದು ಬರೆಯೋಕಾಗಲ್ಲ."

ಸಂಧ್ಯಾ ಬಂದು ಹೇಳಿದಾಗ ಮುನಿಗಂಗಮ್ಮ ಸೆರಗಿನ ಗಂಟಿನಿಂದ ಬೀಗದ ಕೈ ಬಿಚ್ಚಿದಳು. ಆಮೇಲೆ, "ಅಲಾಟ್ ಆಗಿರೋದು ನನಗೆ. ಹೋಗೋದು ನಾನು. ನೀನು ಹೊಸಿಲು ತುಳೀಬಾರ್ದು," ಎಂದಳು.

"ಅಮ್ಮಾ—"

"ತುಳೀಬಾರ್ದು ಅಂದೆ. ಅಪ್ಪನ ಮೇಲಾಣೆ."

ಗುರುವಾರ ಬೆಳಗ್ಗೆ ಮಹಾನಂದಮ್ಮ ಒಂದು ಚಿಟಿಕೆ ವಿಭೂತಿ ತಂದು, "ಹಚ್ಕೋ. ಧೈರ್ಯಕ್ಕೆ ಅಂತ ಇಟ್ಕೋ," ಎಂದರು. ಮುನಿಗಂಗಮ್ಮ ಹಣೆ ಒಡ್ಡಿದಳು. ಉಳಿದದ್ದನ್ನು ಮಹಾನಂದಮ್ಮ ತಮ್ಮ ಹಣೆಗೂ ಇನ್ನೊಮ್ಮೆ ಎಳೆದುಕೊಂಡರು.

ಒಂಬತ್ತೂವರೆಗೆ ಅವಳು ಮೆಟ್ಟಿಲು ಹತ್ತಿದಳು. ಸಂಧ್ಯಾ ಹಿಂದೆಯೇ ಬಂದು ಬಾಗಿಲಿನಿಂದ ಮೂರು ಮಾರು ದೂರ, ಗೋಡೆಗೊರಗಿ ನಿಂತಳು. ಆ ಮಹಡಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಕಿಟಕಿಗಳೂ ಮುಚ್ಚಿದ್ದವು. ಆ ಹೊತ್ತಿಗೆ ಸದಾ ಕುಕ್ಕರಿನ ಸದ್ದು, ಟಿವಿಯ ಸದ್ದು, ಜಗಳದ ಸದ್ದು ತುಂಬಿರುವ ಜಾಗ. ಇಂದು ಒಂದು ಲೋಟ ಉರುಳಿದ ಸದ್ದೂ ಇಲ್ಲ. ಸಹಿ ಹಾಕಿದ ಇಪ್ಪತ್ತಾರು ಮನೆಯವರೂ ಒಳಗೆ ಉಸಿರು ಬಿಗಿಹಿಡಿದು ಕೂತಿದ್ದರು.

ಮುಳ್ಳಿನ ಕೊಂಬೆಯನ್ನು ಅವಳು ಬರಿಗೈಯಲ್ಲೇ ಎಳೆದಳು. ಬೆರಳಿಗೆ ಚುಚ್ಚಿ ರಕ್ತ ಬಂತು. ಬೀಗ ತುಕ್ಕು ಹಿಡಿದು ಸತಾಯಿಸಿತು. ಬಾಗಿಲು ತಳ್ಳಿದಾಗ ಮುಗ್ಗಲು ವಾಸನೆ ಮುಖಕ್ಕೆ ರಾಚಿತು. ಬಲಗಾಲು ಎತ್ತಿದವಳು ಎತ್ತಿದಂತೆಯೇ ನಿಂತಳು. ಆಮೇಲೆ ಕಣ್ಣು ಮುಚ್ಚಿ ಒಳಗಿಟ್ಟಳು.

ಸೊಣ್ಣಪ್ಪನ ಟವೆಲು ಹಗ್ಗದ ಮೇಲೆ ಹಾಗೇ ಇತ್ತು. ಅವಳು ಅದರ ಕಡೆ ನೋಡದೆ ಅಡಿಗೆಮನೆಗೆ ಹೋಗಿ ಗ್ಯಾಸು ತಿರುಗಿಸಿದಳು. ಲೈಟರು ಕಿಡಿ ಬಿಡಲಿಲ್ಲ. ಕಡ್ಡಿಪೆಟ್ಟಿಗೆ ಎರಡು ತಿಂಗಳ ತೇವಕ್ಕೆ ಮೆತ್ತಗಾಗಿತ್ತು. ಒಂದು ಕಡ್ಡಿ ಗೀರಿದಳು, ತಲೆ ಉದುರಿತು. ಇನ್ನೊಂದು, ಮತ್ತೊಂದು. ಗ್ಯಾಸು ಆರಿಸಿ ನಿಂತಳು. ಕೆಳಗೆ ಗೇಟಿನ ಹತ್ತಿರ ಹುಡುಗಿಯ ದನಿ ಕೇಳಿಸಿತು.

ಆಗಲೇ ಹಿಂದಿನ ಗೋಡೆಯಲ್ಲಿ ಟಕ್, ಟಕ್ ಎಂದು ಸದ್ದಾಯಿತು.

ಮುನಿಗಂಗಮ್ಮ ಗೋಡೆಯಿಂದ ಹಿಂದೆ ಸರಿದಳು. ಒಡೆಯಬೇಕಾಗಿದ್ದ ಗೋಡೆ ಅದು. ಸೊಣ್ಣಪ್ಪ ಹೋಗಬೇಕಾಗಿದ್ದ ದಾರಿ.

"ಗಂಗಕ್ಕಾ... ನಾನು ಕಣಕ್ಕಾ, ವರದ."

ಎರಡು ಅಡಿಗೆಮನೆಗಳ ನಡುವೆ, ಮೇಲೆ, ಗಾಳಿಗೆಂದು ಬಿಟ್ಟ ಒಂದು ಕಿಂಡಿ ಇತ್ತು. ದನಿ ಅದರಿಂದ ಬಂದಿತ್ತು.

"ಉಸಿರಾಡ್ತಿದೀಯಾ ಅಕ್ಕಾ? ಏನಾದ್ರೂ ಅನ್ನು."

"ಬಂದಿದೀನಿ ಕಣೋ," ಎಂದಳು. "ಸೊಸೆ? ಸೊಸೆ ಎಲ್ಲೋ?"

"ನೆನ್ನೇನೇ ತವರಿಗೆ ಬಿಟ್ಟು ಬಂದೆ. ನೀನು ಬರ್ತೀಯ ಅಂತ ಗೊತ್ತಿತ್ತು. ಯಾಕಕ್ಕಾ, ಒಲೆ ಹತ್ತಲಿಲ್ವಾ? ಗೀರ‍್ತಿರೋದು ಕೇಳಿಸ್ತಿದೆ."

"ಕಡ್ಡಿ ತೇವ ಆಗಿದೆ."

"ಕೈ ಚಾಚು."

ಕಿಂಡಿಯಿಂದ ಒಂದು ಕಡ್ಡಿಪೆಟ್ಟಿಗೆ ಅವಳ ಅಂಗೈಗೆ ಬಿತ್ತು. ಬೆಂಕಿ ಹೊತ್ತಿದಾಗ ಅವಳಿಗೆ ಅಳು ಬಂತು, ಆದರೆ ಅಳಲು ಸಮಯವಿರಲಿಲ್ಲ. ಒಲೆಯ ಮೇಲೆ ಒಂದು ಖಾಲಿ ಪಾತ್ರೆ ಇಟ್ಟಳು. ನೆನಪಾಗಿ, ಬಾಟಲಿಯಲ್ಲಿ ತಂದಿದ್ದ ನೀರನ್ನೇ ಅದಕ್ಕೆ ಸುರಿದಳು.

"ಯಾರಿದೀರಿ ಮನೇಲಿ?" ಐಶ್ವರ್ಯ ಬಾಗಿಲಲ್ಲಿ ನಿಂತಿದ್ದಳು. ತೆಳ್ಳಗಿನ ಹುಡುಗಿ, ಕೈಯಲ್ಲಿ ಫಾರಂ. ಮುಳ್ಳಿನ ಕೊಂಬೆಯನ್ನು ಜಾಗ್ರತೆಯಿಂದ ದಾಟಿ ಬಂದಿದ್ದಳು.

"ನಾನಿದೀನಿ ತಾಯಿ. ಮುನಿಗಂಗಮ್ಮ."

ಹುಡುಗಿ ಒಳಗೆ ಇಣುಕಿದಳು, ಒಲೆ ನೋಡಿದಳು, ಹಳೇ ಅಲಾಟ್‌ಮೆಂಟ್ ಕಾಗದ ನೋಡಿದಳು. 'ಖಾಲಿ' ಎಂದಿದ್ದ ಮೇಲೆ ಗೀಟು ಎಳೆದಳು. ಮುನಿಗಂಗಮ್ಮನ ಎದೆ ಹಗುರಾಗುವಷ್ಟರಲ್ಲಿ ಮುಂದಿನ ಪ್ರಶ್ನೆ ಬಂತು.

"ಎಷ್ಟು ಜನ ವಾಸ ಇದೀರಿ ಅಮ್ಮಾ? ನೋಡಿ ಹೇಳಿ, ಈಗ ಬರೆದವರ ಹೆಸರೇ ಹಕ್ಕುಪತ್ರದಲ್ಲಿ ಬರೋದು. ಆಮೇಲೆ ಸೇರಿಸೋಕಾಗಲ್ಲ."

ಮುನಿಗಂಗಮ್ಮ ಬಾಯಿ ತೆರೆದಳು. ಒಬ್ಬಳು ಎಂದರೆ ನಾಳೆ ತಾನು ಹೋದ ಮೇಲೆ ಮಗಳು ಬೀದಿಗೆ. ಇಬ್ಬರು ಎಂದರೆ ಕಣ್ಣಿಗೆ ತೋರಿಸಬೇಕು.

"ಇಬ್ರು," ಎಂದಳು ಸಂಧ್ಯಾ.

ಚಪ್ಪಲಿ ಬಿಟ್ಟು, ಹುಡುಗಿಯ ಪಕ್ಕದಿಂದ ನುಗ್ಗಿ, ಅವಳು ಹೊಸಿಲು ದಾಟಿ ಒಳಗೆ ಬಂದು ಅಮ್ಮನ ಭುಜಕ್ಕೆ ಭುಜ ತಾಗುವಂತೆ ನಿಂತಳು. "ಸಂಧ್ಯಾ, ಸೊಣ್ಣಪ್ಪನ ಮಗಳು, ಬರ್ಕೊಳ್ಳಿ."

ಮುನಿಗಂಗಮ್ಮ ಮಗಳ ರಟ್ಟೆ ಹಿಡಿದಳು. ಹೊರಗೆ ದಬ್ಬಲು ಹಿಡಿದದ್ದೋ, ಬಿಡದಿರಲು ಹಿಡಿದದ್ದೋ, ಅವಳಿಗೇ ತಿಳಿಯಲಿಲ್ಲ. ಹುಡುಗಿ ಬರೆದುಕೊಂಡಳು, ಇಬ್ಬರ ಫೋಟೋ ತೆಗೆದಳು. "ಆಯ್ತು ಅಮ್ಮ. ಸಾರಿ," ಎಂದು ಹತ್ತೊಂಬತ್ತನೇ ಮನೆಯ ಬಾಗಿಲು ತಟ್ಟಲು ಹೋದಳು.

"ಆಣೆ ಇಟ್ಟಿದ್ನಲ್ಲೇ," ಎಂದಳು ಮುನಿಗಂಗಮ್ಮ.

"ಅಪ್ಪನ ಮೇಲೆ ಇಟ್ಟಿದ್ದೆ. ಅಪ್ಪಂಗೆ ಇನ್ನೇನಾಗುತ್ತೆ ಬಿಡು."

ಎದುರಿನ ಬಾಗಿಲು ಒಂದು ಗೇಣು ತೆರೆಯಿತು. ದೊಡ್ಡಬೈರಪ್ಪನ ಕನ್ನಡಕ ಮಾತ್ರ ಕಂಡಿತು. "ಸೋಮವಾರ ಒಳ್ಳೇ ದಿನ ಇದೆ. ಶಾಂತಿ ಮಾಡಿಸೋಣ. ಹಸು ನಾನು ತರಿಸ್ತೀನಿ," ಎಂದ. ಬಾಗಿಲು ಮುಚ್ಚುವ ಮೊದಲು, "ಅಲ್ಲೀತನಕ ಹುಷಾರಮ್ಮ, ಆ ಮೆಟ್ಟಿಲು ಜಾರುತ್ತೆ," ಎಂದು ಸೇರಿಸಿದ.

ಸಂಧ್ಯಾ ಧೂಳಿಗೆ ಕೆಮ್ಮಿದಳು. ಮುನಿಗಂಗಮ್ಮ ಗಕ್ಕನೆ ತಿರುಗಿ ನೋಡಿದಳು. ಇನ್ನೊಮ್ಮೆ ಕೆಮ್ಮುತ್ತಾಳೇನೋ ಎಂದು ಕಿವಿಗೊಟ್ಟು ಕಾದಳು. ಇನ್ನು ನಾಲ್ಕು ತಿಂಗಳು ಪ್ರತಿ ಕೆಮ್ಮಿಗೂ, ಪ್ರತಿ ಸೀನಿಗೂ ಹೀಗೇ ಕಾಯಬೇಕು ಎಂದು ಅವಳಿಗೆ ಆಗಲೇ ಗೊತ್ತಾಗಿತ್ತು.

ಅಷ್ಟರಲ್ಲಿ ಕೆಳಗೆ ಯಾರೋ "ನೀರು ಬಂತು!" ಎಂದು ಕೂಗಿದರು. ಗುರುವಾರದ ನೀರು, ಒಂದು ಗಂಟೆ ಮಾತ್ರ. ಮಹಡಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಸಂಧ್ಯಾ ಮೂಲೆಯಲ್ಲಿ ಬೋರಲು ಹಾಕಿದ್ದ ಎರಡು ಕೊಡಗಳನ್ನು ಎತ್ತಿ, ಒಳಗಿನ ಜೇಡರ ಬಲೆ ಬೆರಳಲ್ಲಿ ಸುತ್ತಿ ತೆಗೆದು, ಒಂದನ್ನು ಅಮ್ಮನ ಕೈಗೆ ಕೊಟ್ಟಳು. ಇಬ್ಬರೂ ಇಳಿದುಹೋಗಿ ಸಾಲಿನಲ್ಲಿ ನಿಂತರು. ಸರದಿ ಬಂದಾಗ ಮುನಿಗಂಗಮ್ಮ ಹುಣಸೆಹಣ್ಣು ಹಾಕಿ ಕೊಡದ ಬಾಯಿ ಉಜ್ಜಿದಳು, ಎರಡು ಸಲ ಗಲಬರಿಸಿ ಚೆಲ್ಲಿದಳು, ನಲ್ಲಿಯ ಕೆಳಗೆ ಸರಿಯಾಗಿ ಇಟ್ಟು, ತುಂಬುವವರೆಗೆ ಅದನ್ನು ಹಿಡಿದು ನಿಂತಳು.